ಗೌರಮ್ಮನವರಿಗೆ ಒಂದು ಕಲ್ಲುಬೆಂಚು

ಮಾನ್ಯರೇ,

ಈಚೆಗೆ ಕನ್ಯಾಕುಮಾರಿಗೆ ಹೋಗಿದ್ದಾಗ ಕಡಲ ನಡುವಿನ ಬಂಡೆಯ ಮೇಲಿರುವ ತಮಿಳು ಕವಿ ತಿರುವಳ್ಳುವರ್ ಪ್ರತಿಮೆಯನ್ನು ದಡದಿಂದಲೇ ನೋಡಿ ಬಂದೆ. ಅಲೆ ಜೋರಾಗಿದ್ದುದರಿಂದ ಅಂದು ದೋಣಿ ಬಿಡಲಿಲ್ಲ. 2000ದ ಜನವರಿ 1ರಂದು ಅನಾವರಣಗೊಂಡ ಅದರ ಎತ್ತರ, ಪೀಠವೂ ಸೇರಿ, 133 ಅಡಿ. ಕುರಳ್ ಎಂಬ ಎರಡು ಸಾಲಿನ ಪದ್ಯಗಳ ಅವರ ಕೃತಿ ತಿರುಕ್ಕುರಳ್‌ನ ಅಧ್ಯಾಯಗಳೂ 133. ಪಕ್ಕದಲ್ಲಿ ಕಡಲೆಕಾಯಿ ಮಾರುತ್ತಿದ್ದ ಹುಡುಗ, ಯಾರೂ ಕೇಳದಿದ್ದರೂ, ಮೊದಲು ಒಂದು ಕುರಳ್ ಹೇಳಿ ಆಮೇಲೆ ಪೊಟ್ಟಣದ ಬೆಲೆ ಹೇಳಿದ.

ನಮ್ಮ ಮಡಿಕೇರಿಯ ವೃತ್ತಗಳಲ್ಲಿ ಸೇನಾನಿಗಳು ನಿಂತಿದ್ದಾರೆ. ಹೆಮ್ಮೆಯೇ. ಆದರೆ 1912ರಲ್ಲಿ ಹುಟ್ಟಿ, ಕನ್ನಡದಲ್ಲಿ ಅಷ್ಟು ದಿಟ್ಟ ಕಥೆಗಳನ್ನು ಬರೆದು, 1939ರಲ್ಲಿ 27ರ ಹರೆಯದಲ್ಲೇ ನೀರುಪಾಲಾದ ಕೊಡಗಿನ ಗೌರಮ್ಮನವರನ್ನು ಶಾಲೆಯ ಮಕ್ಕಳು ಎಲ್ಲಿ ನೋಡಬೇಕು? 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಒಡವೆಗಳನ್ನು ಹರಿಜನ ನಿಧಿಗೆ ಬಿಚ್ಚಿಕೊಟ್ಟವರು ಅವರು.

133 ಅಡಿ ಬೇಡ. ಸುಂಟಿಕೊಪ್ಪದಲ್ಲಿ ಬಸ್ಸಿಗೆ ಕಾಯುವ ಜಾಗದಲ್ಲಿ, ಕಲ್ಲುಬೆಂಚಿನ ಮೇಲೆ ಕುಳಿತ ಆಳಳತೆಯ ಪ್ರತಿಮೆ ಸಾಕು. ಮಗ್ಗುಲಲ್ಲಿ ಇನ್ನೊಬ್ಬರು ಕೂರುವಷ್ಟು ಸ್ಥಳವಿರಲಿ. ಮೇಲೊಂದು ಮಾಡು ಮಾತ್ರ ಬೇಕೇ ಬೇಕು, ಇಲ್ಲವಾದರೆ ನಮ್ಮ ಮಳೆಗೆ ಆಗಸ್ಟ್ ಹೊತ್ತಿಗೆ ಪಾಚಿ ಕಟ್ಟಿ ಯಾರೆಂದೇ ತಿಳಿಯದು. ಕೆಳಗೆ ಉದ್ಘಾಟಕರ ಹೆಸರುಗಳ ಬದಲು ಅವರ ಕಥೆಯೊಂದರ ನಾಲ್ಕು ಸಾಲು ಕೆತ್ತಿಸಲಿ.

– ಒಬ್ಬ ಓದುಗ, ಸುಂಟಿಕೊಪ್ಪ