ಹೆಸರು ಹೇಳದೆ ಹೋದ ಆಚಾರ್ರಿಗೆ

ಚಿಕ್ಕಮಗಳೂರಿನ ವಸ್ತುಪ್ರದರ್ಶನಕ್ಕೆ ಮಕ್ಕಳು ಮಾಡಿದ್ದ ಸಿಲ್ವರ್ ಓಕ್ ಮಣೆಗಳನ್ನು ಉಳಿಸಿಕೊಟ್ಟ ಆಚಾರ್ರೇ, ನಿಮಗೆ ಕೈಮುಗಿದು ನಮಸ್ಕಾರ. ತೋಟದ ಮರ ಪೂರ್ತಿ ಒಣಗುವ ಮೊದಲೇ ಅಡಿಯ ಅಡ್ಡಪಟ್ಟಿಗೆ ಅಂಟು ಹಾಕಿ ಬಿಗಿದರೆ ಹಲಗೆ ಸೀಳದೆ ಇರುತ್ತದೆಯೇ? ಮರ ಕುಗ್ಗುವುದು ಅಗಲಕ್ಕೆ, ಉದ್ದಕ್ಕೆ ತೀರಾ ಕಡಿಮೆ. ಹಲಗೆಗೆ ಹಾಗೆ ಕುಗ್ಗಲು ಜಾಗ ಸಿಗಲೆಂದು ನೀವು ಅಂಟು ಬಿಡಿಸಿ, ಪಟ್ಟಿಯ ನಡುವಿನ ತೂತು ಹಾಗೇ ಬಿಟ್ಟು, ತುದಿಯ ಎರಡನ್ನು ಪಟ್ಟಿಯುದ್ದಕ್ಕೆ 4 ಮಿ.ಮೀ.ನಿಂದ 8ಕ್ಕೆ ಹಿಗ್ಗಿಸಿ, ವಾಷರ್ ಇಟ್ಟು ಸ್ಕ್ರೂ ಹಾಕಿಸಿದಿರಿ.

ಆಮೇಲೆ ಒರಟಿನಿಂದ ನುಣುಪಿಗೆ 80, 120, 180 ನಂಬರಿನ ಉಪ್ಪುಕಾಗದ, ಮರದ ಎಳೆಯ ದಿಕ್ಕಿಗೇ. ಒದ್ದೆಬಟ್ಟೆ ಸವರಿ, ಎದ್ದ ನಾರು ಒಣಗಿದ ಮೇಲೆ 220ರಲ್ಲಿ ಹಗುರವಾಗಿ. ನಡುವಿನ 120 ಬಿಟ್ಟರೆ ಪಾಲಿಶ್ ಹಚ್ಚಿದಾಗ ಗೀರು ಎದ್ದು ಕಾಣುತ್ತದೆ ಎಂದು ಬೇರೆ ತುಂಡಿನ ಮೇಲೆ ಮಾಡಿಯೇ ತೋರಿಸಿದಿರಿ. ಕೂಲಿ ಮುಟ್ಟಲಿಲ್ಲ. ನಿಮ್ಮ ಮುಕ್ಕಾಲು ಇಂಚಿನ ಉಳಿ ಇಲ್ಲೇ ಉಳಿದಿದೆ. ಸಾಣೆ ಹಿಡಿದು ಇಟ್ಟಿದ್ದೇವೆ.