ಗದಗಿನ ಗೆಳೆಯನಿಗೊಂದು ಪತ್ರ: ಹೊಸಬರು ಬರ್ತಿದ್ದಾರೆ, ಜೋಳದ ಹಿಟ್ಟು ಬೀಸಿಸು

ಗೆಳೆಯಾ,

ಹಾಸ್ಟೆಲಿನ ಸ್ವಾಗತ ಸಮಿತಿಗೆ ನಿನ್ನನ್ನೂ ಸೇರಿಸಿದ್ದಾರೆ ಅಂತ ಓದಿ ನಗು ಬಂತು. ಮೊದಲ ವರ್ಷ ಊಟದ ಹೊತ್ತು ಬಿಟ್ಟರೆ ರೂಮಿನಿಂದ ಹೊರಗೇ ಬರದ ಮನುಷ್ಯ ನೀನು. ಈಗ ನೀನೇ ಹೊಸಬರನ್ನು ರೂಮಿನಿಂದ ಹೊರಗೆ ಕರೆಯಬೇಕು. "ನಿಮ್ಮ ಧಾರವಾಡದಾಗ ಏನೇನು ಆಟ ಆಡಿಸಿದ್ರಿ, ಒಂದು ಪಟ್ಟಿ ಕಳಸು" ಎಂದು ಕೇಳಿದ್ದೀಯ. ಪಟ್ಟಿ ಕಳಿಸಿದರೆ ಅದನ್ನು ಹಾಗೇ ಪ್ರಿಂಟ್ ತೆಗೆದು ವಾರ್ಡನ್ ಕೈಗೆ ಕೊಟ್ಟು ಮಲಗಿಬಿಡುತ್ತೀಯ, ನನಗೆ ಗೊತ್ತು. ಅದಕ್ಕೇ ಪತ್ರ. ಇದನ್ನೇ ಕೇಳಿದವರು ಬೇರೆಯವರೂ ಇದ್ದಾರೆ, ಹಾಗಾಗಿ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಮೊದಲು ವೇದಿಕೆ ಕಾರ್ಯಕ್ರಮದ ಮಾತು ಮುಗಿಸೋಣ. ಅದನ್ನು ಬಿಡುವ ಹಾಗಿಲ್ಲ. ಬ್ಯಾನರ್ ಬೇಕು, ದೀಪ ಹಚ್ಚಬೇಕು, ಪ್ರಾರ್ಥನೆ ಆಗಬೇಕು, ಅತಿಥಿಗಳಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ನಮ್ಮ ಊರಿಗಂತೂ ಭಾಷಣ ಹೊಸದಲ್ಲ. 1890ರಲ್ಲಿ ಕನ್ನಡದ ಕೆಲಸಕ್ಕೆ ವಿದ್ಯಾವರ್ಧಕ ಸಂಘ ಕಟ್ಟಿದ ಊರು ಇದು, ಸಭೆಯಲ್ಲಿ ಕೂತು ಕೇಳುವುದು ಇಲ್ಲಿಯವರಿಗೆ ರೂಢಿ. ಆದರೆ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬೀದರ್‌ನಿಂದ ಬಂದಿಳಿದ ಹುಡುಗನಿಗೆ ಆ ಹೊತ್ತಿಗೆ ಬೇಕಾಗಿರುವುದು ಅದಲ್ಲ. ಬಿಸಿನೀರು ಎಷ್ಟು ಗಂಟೆಗೆ ಬರುತ್ತದೆ, ಬಟ್ಟೆ ಎಲ್ಲಿ ಒಣಗಿಸಬೇಕು, ಮೆಸ್ಸಿನ ತಾಟು ತೊಳೆದು ಎಲ್ಲಿಡಬೇಕು, ಇಷ್ಟು ಗೊತ್ತಾದರೆ ಸಾಕು. ಇದನ್ನು ಯಾವ ಮುಖ್ಯ ಅತಿಥಿಯೂ ಹೇಳುವುದಿಲ್ಲ. ಅದಕ್ಕೆ ವೇದಿಕೆ ಕಾರ್ಯಕ್ರಮವನ್ನು ಒಂದು ತಾಸಿನೊಳಗೆ ಮುಗಿಸಿ. ನಿರೂಪಣೆ ಮಾಡುವವನಿಗೆ ಕವನ ಓದಬೇಡ ಅಂತ ಮೊದಲೇ ಹೇಳಿಡು. ಅರ್ಧ ಸಮಯ ಅಲ್ಲೇ ಹೋಗುತ್ತದೆ.

ಈಗ ರ‍್ಯಾಗಿಂಗ್ ವಿಷಯ. "ನಮ್ಮಲ್ಲಿ ಅಂಥದ್ದೆಲ್ಲ ಇಲ್ಲಪ್ಪಾ, ಸುಮ್ನೆ ಇಂಟ್ರೋ ಅಷ್ಟೆ" ಅಂತ ಬರೆದಿದ್ದೀಯಲ್ಲ, ಆ ಸಾಲು ಓದಿ ನನಗೆ ಸರಿ ಅನ್ನಿಸಲಿಲ್ಲ. ಎಲ್ಲ ಹಾಸ್ಟೆಲಿನಲ್ಲೂ ಹೇಳುವ ಮಾತೇ ಅದು. 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜೊಂದರಲ್ಲಿ ಅಮನ್ ಕಚ್ರೂ ಎಂಬ ಮೊದಲ ವರ್ಷದ ಹುಡುಗ ಹಿರಿಯರ ಏಟಿಗೆ ಸತ್ತ. ಅದೇ ವರ್ಷ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ರ‍್ಯಾಗಿಂಗ್ ತಡೆಯುವ ನಿಯಮ ತಂದಿತು. ಅಡ್ಮಿಷನ್ ಹೊತ್ತಿನಲ್ಲಿ ನೀನೂ ನಿಮ್ಮಪ್ಪನೂ ಸಹಿ ಹಾಕಿದ ಮುಚ್ಚಳಿಕೆ ಆ ನಿಯಮದ್ದೇ. ಸಹಿ ಹಾಕಿದವರು ಜಾಸ್ತಿ, ಓದಿದವರು ಕಮ್ಮಿ. ಹೊಡೆದರೆ ಮಾತ್ರ ರ‍್ಯಾಗಿಂಗ್ ಅಂತ ನಮ್ಮವರು ತಿಳಿದಿದ್ದಾರೆ. ನಿಯಮ ಹಾಗೆ ಹೇಳುವುದಿಲ್ಲ. ಒಬ್ಬ ತಾನಾಗಿ ಮಾಡದ ಕೆಲಸವನ್ನು ಅವನ ಕೈಲಿ ಮಾಡಿಸಿ, ಅವನಿಗೆ ನಾಚಿಕೆ, ಅವಮಾನ ಆಗುವ ಹಾಗೆ ಮಾಡಿದರೂ ಅದು ರ‍್ಯಾಗಿಂಗ್. ಹಾಗಂದರೆ ರಾತ್ರಿ ಹನ್ನೊಂದಕ್ಕೆ ರೂಮಿಗೆ ಕರೆಸಿ "ಒಂದು ಹಾಡು ಹಾಡಲೇ" ಅನ್ನುವುದೂ ಅದರೊಳಗೇ ಬರುತ್ತದೆ. ಒಬ್ಬ ಹುಡುಗ "ನನಗ ಆಗೂದಿಲ್ರಿ" ಅಂದು ಎದ್ದು ಹೋಗಬಹುದಾ? ಹೋದರೆ ನಾಳೆ ಅವನಿಗೆ ಮೆಸ್ಸಿನಲ್ಲಿ ಪಕ್ಕ ಜಾಗ ಸಿಗುತ್ತದಾ? ಸಿಗುತ್ತದೆ ಅಂದರೆ ಅದು ಆಟ. ನಾವು ಯಾವ ಆಟಕ್ಕೂ ಇದನ್ನೇ ಕೇಳಿಕೊಂಡೆವು. ಹೀಗೆ ನೋಡಿದಾಗ ಹಿಂದಿನಿಂದ ನಡೆದುಬಂದ ಅರ್ಧ "ಪರಿಚಯದ ಆಟ" ಬಿದ್ದುಹೋದವು. ಒಳ್ಳೆಯದೇ ಆಯಿತು.

ಸಹಾಯವಾಣಿ ನಂಬರ್ 1800-180-5522. ಆಫೀಸಿನ ನೋಟಿಸ್ ಬೋರ್ಡಿಗೆ ಅಂಟಿಸಬೇಡ, ಅಲ್ಲಿ ನಿಂತು ಬರೆದುಕೊಂಡರೆ ನಾಲ್ಕು ಜನ ನೋಡುತ್ತಾರೆ. ಬಚ್ಚಲಿನ ಕಡೆ ಹೋಗುವ ಗೋಡೆಗೆ ಅಂಟಿಸು.

ಆ ನಿಯಮದಲ್ಲಿ ಬರೀ ಶಿಕ್ಷೆಯ ಮಾತಿಲ್ಲ, ಕೆಲಸಕ್ಕೆ ಬರುವ ಸಂಗತಿಗಳೂ ಇವೆ. ಹೊಸಬರನ್ನು ಸಣ್ಣ ಸಣ್ಣ ಗುಂಪು ಮಾಡಿ ಒಂದೊಂದನ್ನು ಒಬ್ಬ ಮೇಷ್ಟ್ರಿಗೆ ವಹಿಸಬೇಕು. ಸ್ವಾಗತ ಸಮಾರಂಭ ಆದಷ್ಟು ಮೊದಲ ಎರಡು ವಾರದೊಳಗೆ ಆಗಬೇಕು. ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ, ಹೆಸರು ಬರೆಯದ ಚೀಟಿಯಲ್ಲಿ ಹುಡುಗರನ್ನು ವಿಚಾರಿಸಬೇಕು. ಮೇಷ್ಟ್ರುಗಳು ಸಾಧ್ಯವಾದಷ್ಟು ಹಾಸ್ಟೆಲ್ ಹುಡುಗರ ಜೊತೆ ಕೂತು ಉಣ್ಣಬೇಕು. ಈ ಕೊನೆಯದಕ್ಕೆ ನನ್ನ ಪೂರ್ತಿ ಬೆಂಬಲ. ನಮ್ಮಲ್ಲಿ ಒಬ್ಬ ಸರ್ ಬಂದರು. ತಾಟು ಹಿಡಿದು ಸಾಲಿನಲ್ಲೇ ನಿಂತರು, ಹೊಸ ಹುಡುಗರ ನಡುವೆ ಕೂತರು. ಸ್ವಲ್ಪ ಹೊತ್ತು ಸಾರಿನ ಬಟ್ಟಲಲ್ಲಿ ಚಮಚ ತಿರುಗಿಸಿ, "ಏನಿಲ್ಲ, ಬ್ಯಾಳಿ ಹುಡುಕಾಕತ್ತೀನಿ" ಅಂದರು. ಇಡೀ ಮೆಸ್ ನಕ್ಕಿತು. ಮಾರನೇ ದಿನದಿಂದ ಸಾರು ಗಟ್ಟಿ. ಅದಕ್ಕಿಂತ ಹೆಚ್ಚಾಗಿ, ಆ ಸಾಲಿನಲ್ಲಿದ್ದ ಹುಡುಗರು ಆಮೇಲೆ ಆ ಸರ್ ಹತ್ತಿರ ಏನು ಬೇಕಾದರೂ ಹೇಳುವಷ್ಟು ಸಲಿಗೆ ಬೆಳೆಸಿಕೊಂಡರು. ಖರ್ಚು? ಒಂದು ಊಟ.

ಊರು ತೋರಿಸುವುದನ್ನು ಭಾನುವಾರ ಸಂಜೆಗೆ ಇಟ್ಟುಕೋ. ಬಹಳ ಹಾಸ್ಟೆಲುಗಳಲ್ಲಿ ಅವತ್ತು ರಾತ್ರಿ ಮೆಸ್ ಇರುವುದಿಲ್ಲ, ಹೊಸಬರಿಗೆ ಮನೆ ನೆನಪಾಗುವುದೂ ಆಗಲೇ. ಆರೇಳು ಜನರ ಗುಂಪು, ಜೊತೆಗೊಬ್ಬ ಹಳಬ. ನಾವು ಜ್ಯುಬಿಲಿ ಸರ್ಕಲ್, ಸುಭಾಸ್ ರೋಡ್, ಲೈನ್ ಬಜಾರ್ ಅಂತ ತಿರುಗಿದೆವು. ಗೈಡ್ ಹಾಗೆ ಇತಿಹಾಸ ಒಪ್ಪಿಸಲಿಲ್ಲ, ಗುಂಪಿಗೊಂದು ಕೆಲಸ ಕೊಟ್ಟೆವು. ಒಂದು ಗುಂಪು ಅಗ್ಗದ ಜೆರಾಕ್ಸ್ ಅಂಗಡಿ ಹುಡುಕಬೇಕು. ಇನ್ನೊಂದು, ಹುಬ್ಬಳ್ಳಿ-ಧಾರವಾಡದ ನಡುವೆ ತನ್ನದೇ ದಾರಿಯಲ್ಲಿ ಓಡುವ ಚಿಗರಿ ಬಸ್ಸಿನಲ್ಲಿ ಎಲ್ಲ ಕಡೆ ನಿಲ್ಲುವುದು ಯಾವುದು, ನಿಲ್ಲದೆ ಹುಬ್ಬಳ್ಳಿಗೆ ಓಡುವುದು ಯಾವುದು ಅಂತ ಕೇಳಿಕೊಂಡು ಬರಬೇಕು. ಚಿಗರಿ ನಿಲ್ದಾಣ ರಸ್ತೆಯ ಮಧ್ಯದಲ್ಲಿದೆಯಲ್ಲ, ಹೊಸಬರು ಹಳೇ ರೂಢಿಯಂತೆ ರಸ್ತೆ ಬದಿಗೆ ನಿಂತು ಕೈ ಮಾಡುತ್ತಾರೆ. ಪಾಪ, ಅದು ನಿಲ್ಲುವುದಿಲ್ಲ. ಮುರುಘಾಮಠದ ಹತ್ತಿರ ಹೋದವರಿಗೆ ಅಲ್ಲಿನ ಪ್ರಸಾದ ನಿಲಯದ ಬಗ್ಗೆ ಒಬ್ಬ ಹಿರಿಯರು ತಾವಾಗಿಯೇ ಹೇಳಿದರಂತೆ. ಮಠದ ಸ್ವಾಮಿಗಳಾಗಿದ್ದ ಮೃತ್ಯುಂಜಯ ಅಪ್ಪಗಳ ಕಾಲದಿಂದ ಹಳ್ಳಿಯ ಬಡ ಹುಡುಗರು ಅಲ್ಲಿ ಪುಕ್ಕಟೆ ಉಂಡು, ಇದ್ದು, ಓದಿಕೊಂಡು ಹೋದವರು. ಧಾರವಾಡ ವಿದ್ಯಾಕಾಶಿ ಅನ್ನಿಸಿಕೊಂಡಿದ್ದು ಕಾಲೇಜುಗಳಿಂದ ಮಾತ್ರ ಅಂತ ನನಗನ್ನಿಸುವುದಿಲ್ಲ. ಉಣ್ಣಲು, ಮಲಗಲು ಜಾಗ ಇಲ್ಲದಿದ್ದರೆ 1917ರ ಕರ್ನಾಟಕ ಕಾಲೇಜಿಗೆ ಹಳ್ಳಿಯ ಹುಡುಗರು ಬಂದು ಓದುವುದಾದರೂ ಹೇಗೆ?

ನಿನಗೆ ಮುಖ್ಯವಾಗಿ ಹೇಳಬೇಕಾದದ್ದು ಈಗ ಬಂತು. ನಮ್ಮಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಆದದ್ದು ರೊಟ್ಟಿ ಬಡಿಯುವ ರಾತ್ರಿ. ಮೊದಲು ಅದೊಂದು ತಮಾಷೆಯ ಸ್ಪರ್ಧೆ ಆಗಿತ್ತು ಅಷ್ಟೆ. ಅಡುಗೆಮನೆಯ ಅಕ್ಕಂದಿರನ್ನು ಒಪ್ಪಿಸಿ, ಸಂಜೆ ಊಟದ ಕೆಲಸ ಮುಗಿದ ಮೇಲೆ ಎರಡು ಹಂಚು ಬಿಟ್ಟುಕೊಡಿ ಅಂದೆವು. ಹಳಬರೆಲ್ಲ ತೋಳು ಮಡಚಿ ಮುಂದೆ ಬಂದರು. ಕುದಿಯುವ ಎಸರು ಹಿಟ್ಟಿಗೆ ಸುರಿದು ನಾದುವ ಹೊತ್ತಿಗೇ ಅರ್ಧ ಜನ ಕೈ ಸುಟ್ಟುಕೊಂಡು ಹಿಂದೆ ಸರಿದರು. ಉಳಿದವರ ರೊಟ್ಟಿ ಬಡಿಯುವಾಗಲೇ ಅಂಚು ಬಿರಿಯಿತು, ಎತ್ತಿ ಹಂಚಿಗೆ ಹಾಕುವಾಗ ಎರಡು ಹೋಳು. ಬೆಂಗಳೂರಿನ ಒಬ್ಬ ಸೀನಿಯರ್ ಚಪಾತಿ ಲಟ್ಟಣಿಗೆ ಕೇಳಿದ. ಅಕ್ಕ ನೋಡಿದ ನೋಟಕ್ಕೆ ಮತ್ತೆ ಬಾಯಿ ಬಿಡಲಿಲ್ಲ.

ಆಗ ಹಿಂದೆ ಗೋಡೆಗೆ ಒರಗಿ ನಿಂತಿದ್ದ ಒಬ್ಬ ಹೊಸ ಹುಡುಗ, ನವಲಗುಂದದ ಕಡೆಯವನು, ಬಂದು ಕೂತ. ಬಂದಾಗಿನಿಂದ ಯಾರ ಜೊತೆಗೂ ಸರಿಯಾಗಿ ಮಾತಾಡಿರಲಿಲ್ಲ. ಅವ್ವ ಹೊಲಕ್ಕೆ ಹೋದ ದಿನ ಮನೆಯಲ್ಲಿ ಅವನದೇ ಅಡುಗೆಯಂತೆ. ಹಿಟ್ಟು ಒತ್ತಿ, ಬಡಿದು, ಬಡಿದ ಹಾಗೆ ರೊಟ್ಟಿ ತಾನೇ ಸುತ್ತು ತಿರುಗುತ್ತಾ ಅಗಲವಾಯಿತು. ಎತ್ತಿ ಹಾಕಿದ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿದ, ತಿರುವಿದ, ಉಬ್ಬಿತು. ಎಲ್ಲರೂ ಚಪ್ಪಾಳೆ ಹೊಡೆದರು. ಅವನು ಅದಕ್ಕೇನೂ ಬೀಗಲಿಲ್ಲ, ಪಕ್ಕದಲ್ಲಿದ್ದ ಕೊನೆಯ ವರ್ಷದವನಿಗೆ "ಅಂಗೈ ಅಲ್ರಿ, ಬೆರಳಿನ ಬುಡದಿಂದ ಬಡೀರಿ" ಅಂತ ಕಲಿಸಲು ಶುರು ಮಾಡಿದ. ಕೊನೆಯ ವರ್ಷದವನು "ಹೂಂ ಸರ್" ಅಂದ! ಅವತ್ತು ರಾತ್ರಿಯಿಂದ ಆ ಹುಡುಗನನ್ನು ಹೆಸರು ಹಿಡಿದು ಕರೆಯದವರಿಲ್ಲ.

ಆಮೇಲೆ ನಾವು ಎಲ್ಲ ಕಾರ್ಯಕ್ರಮವನ್ನೂ ಹೀಗೇ ನೋಡತೊಡಗಿದೆವು. ಯಾವ ಕೆಲಸದಲ್ಲಿ ಹೊಸಬನಿಗೆ ಹಳಬನಿಗಿಂತ ಜಾಸ್ತಿ ಗೊತ್ತು? ಅದನ್ನೇ ಹುಡುಕು. ಸಾಮಾನ್ಯವಾಗಿ ಸ್ವಾಗತ ಅಂದರೆ ನಾವು ಕೊಡುವವರು, ಅವರು ತಗೊಳ್ಳುವವರು. ಹೂ ಕೊಡುತ್ತೇವೆ, ಪೆನ್ನು ಕೊಡುತ್ತೇವೆ, ಬುದ್ಧಿಮಾತು ಕೊಡುತ್ತೇವೆ. ಮನೆ ಬಿಟ್ಟು ಬಂದವನಿಗೆ ತಾನೂ ಏನಾದರೂ ಕೊಡಬಹುದು ಅನ್ನಿಸಬೇಕಲ್ವಾ? ಅದು ಆಗುವವರೆಗೆ ಅವನು ಹಾಸ್ಟೆಲಿನಲ್ಲಿ ನೆಂಟನೇ.

ಹಾಗಾಗಿ ಮೊದಲ ಸಲ ಊರಿಗೆ ಹೋಗಿ ಬಂದವರ ಬುತ್ತಿಯನ್ನು ರೂಮಿನಲ್ಲಿ ಮುಚ್ಚಿಡಲು ಬಿಡಲಿಲ್ಲ. ಹಾಸ್ಟೆಲಿನ ದೊಡ್ಡ ಹಾಲ್‌ನಲ್ಲಿ ಪೇಪರ್ ಹಾಸಿ ಬುತ್ತಿ ಊಟ ಮಾಡಿದೆವು. ರೋಣದ ಕಡೆಯಿಂದ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ. ವಿಜಯಪುರದವನು ತಂದ ಶೇಂಗಾ ಹೋಳಿಗೆ ಮೊದಲ ಸುತ್ತಿಗೇ ಖಾಲಿ. ಶಿರಸಿಯವನು ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬಿ ತೆಗೆದಾಗ ಸುಮ್ಮನಿದ್ದ ಜನ, ಮುಚ್ಚುವಾಗ ಜಗಳಕ್ಕೆ ಬಂದರು. ಅವನವನ ಊರಿನ ತಿನಿಸು, ಹಾಗಾಗಿ ಮಾತೂ ಅವನದೇ. ಮೈಕ್ ಇಲ್ಲದೆ, "ನಿಮ್ಮ ಬಗ್ಗೆ ಎರಡು ಮಾತು ಹೇಳಿ" ಅಂತ ಪೀಡಿಸದೆ ಎಲ್ಲರ ಪರಿಚಯ ಆಗಿಹೋಯಿತು. ಬುತ್ತಿ ತರಲಾಗದವರೂ ಇರುತ್ತಾರೆ. ಮನೆಯಲ್ಲಿ ಅನುಕೂಲ ಇರುವುದಿಲ್ಲ, ಇಲ್ಲವೇ ಮನೆಯೇ ದೂರ. ಅವರಿಗೆ ಬಡಿಸುವ ಕೆಲಸ ಕೊಡು. ಯಾರು ಏನು ತಂದರು ಅಂತ ಮಾತ್ರ ಬರೆದಿಡಬೇಡ.

ಹಬ್ಬಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿನಗೇ ಗೊತ್ತು. ಪಂಚಮಿಗೆ ಗಟ್ಟಿ ಕೊಂಬೆ ನೋಡಿ ಜೋಕಾಲಿ ಕಟ್ಟಿದರೆ ಬೇರೆ ಕಾರ್ಯಕ್ರಮವೇ ಬೇಡ. ದಸರೆಗೆ ಬನ್ನಿ ಹಂಚುವಾಗ ವರ್ಷವಿಡೀ ಮಾತು ಬಿಟ್ಟವರೂ "ಬಂಗಾರದಂಗ ಇರೋಣ" ಅನ್ನಲೇಬೇಕಾಗುತ್ತದೆ. ಗಣಪತಿಗೆ ಚಂದಾ ಎತ್ತುವಾಗ ಮಾತ್ರ ಹೊಸಬರ ಹಿಂದೆ ಬೀಳಬೇಡಿ. ಡಿಜೆಗೆ ಹಾಕುವ ದುಡ್ಡಿನಲ್ಲಿ ಇಡೀ ಹಾಸ್ಟೆಲಿಗೆ ಎಷ್ಟು ಸಲ ಗಿರ್ಮಿಟ್ ಮಿರ್ಚಿ ಕೊಡಿಸಬಹುದು ಅಂತ ಒಮ್ಮೆ ಲೆಕ್ಕ ಹಾಕಿ ನೋಡು.

ನಿಮ್ಮ ಊರಲ್ಲಿ ನಮಗಿಲ್ಲದ ಒಂದು ಅನುಕೂಲ ಇದೆ. ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ಕಣ್ಣು ಕಾಣದವರು; ಅವರು ಬೆಳೆಸಿದ ಆ ಜಾಗದಲ್ಲಿ ಕಣ್ಣು ಕಾಣದ ಮಕ್ಕಳು ಅಲ್ಲೇ ಉಳಿದು ಸಂಗೀತ ಕಲಿಯುತ್ತಾರೆ. ಅದೂ ಒಂದು ವಸತಿನಿಲಯವೇ ಅಲ್ವಾ? ಮೊದಲೇ ಕೇಳಿಕೊಂಡು, ಒಪ್ಪಿಗೆ ತಗೊಂಡು, ಹೊಸಬರನ್ನು ಒಂದು ಸಂಜೆ ಕರೆದುಕೊಂಡು ಹೋಗು. ನಿಮ್ಮ ಜಿಲ್ಲೆಯ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ ಹುಡುಗನಾಗಿದ್ದಾಗಲೇ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದ ಕತೆಯನ್ನೂ ದಾರಿಯಲ್ಲಿ ಹೇಳು. ಊರು ನೆನೆದು ಸೊರಗಿದವರು ಸ್ವಲ್ಪ ನಗುತ್ತಾರೆ.

ಎಲ್ಲಕ್ಕೂ ಬಾರದವರು ಇರುತ್ತಾರೆ. ಬರದಿರುವುದು ತಪ್ಪಲ್ಲ. ಊಟಕ್ಕೆ ಹೋಗುವಾಗ ಅವರ ಬಾಗಿಲು ಒಮ್ಮೆ ತಟ್ಟು, ಸಾಕು. ಎರಡು ದಿನ ಊಟಕ್ಕೇ ಕಾಣದಿದ್ದರೆ ಮಾತ್ರ ಬಿಡಬೇಡ, ಒಳಗೆ ಹೋಗಿ ಕೂತು ಮಾತಾಡು. ಇನ್ನು ಹುಡುಗಿಯರ ಹಾಸ್ಟೆಲನ್ನೂ ಸೇರಿಸಿಕೊಳ್ಳುವುದಾದರೆ ರಾತ್ರಿ ಕಾರ್ಯಕ್ರಮ ಇಡಲೇಬೇಡ. ಅವರ ಗೇಟು ಬೇಗ ಹಾಕುತ್ತಾರೆ. ಕೇಕ್ ಕತ್ತರಿಸುವ ಹೊತ್ತಿಗೆ ಅವರೆಲ್ಲ ಓಡಬೇಕಾಗುತ್ತದೆ, ಆಮೇಲೆ "ಹುಡುಗಿಯರು ಬರೋದೇ ಇಲ್ಲ" ಅಂತ ನಾವೇ ದೂರುತ್ತೇವೆ. ಭಾನುವಾರ ಮಧ್ಯಾಹ್ನ ಇಡು.

ರೊಟ್ಟಿ ರಾತ್ರಿ ಮಾಡುವುದಾದರೆ ಹಿಟ್ಟು ಹಿಂದಿನ ದಿನವೇ ಬೀಸಿಸು. ಹಳೇ ಹಿಟ್ಟಿಗೆ ಜಿಗಿ ಇರುವುದಿಲ್ಲ, ನಮ್ಮ ನವಲಗುಂದದವನೇ ಬಂದರೂ ರೊಟ್ಟಿ ಹರಿಯುತ್ತದೆ. ಅಕ್ಕಂದಿರಿಗೆ ಆ ಹೊತ್ತಿನ ಕೂಲಿ ಬೇರೆ ಕೊಡಿ, ಮತ್ತೆ ಪಾತ್ರೆ ನೀವೇ ತಿಕ್ಕಿ. ದಿನ ಗೊತ್ತಾದ ಕೂಡಲೇ ಫೋನ್ ಮಾಡು. ಹುಬ್ಬಳ್ಳಿಯಿಂದ ಗದಗಿಗೆ ಬಸ್ಸಿಗೇನು ಬರ, ಬರ್ತೀನಿ. ಬದನೆಕಾಯಿ ಬಜ್ಜಿ ಖರ್ಚು ನಿಂದು.

ನಿನ್ನ ಗೆಳೆಯ,
ಧಾರವಾಡ