ಕೊಯ್ಲು ಮುಗಿಯುವ ತನಕ ಕಾಯಬೇಡಿ

ಲುಲಿಯೋ, ಸ್ವೀಡನ್
10 ಫೆಬ್ರವರಿ 2026

ಅಮ್ಮನಿಗೆ ನಮಸ್ಕಾರ. ಉಭಯಕುಶಲೋಪರಿ.

ರಘು ನಿನ್ನ ಪತ್ರದ ಫೋಟೊ ತೆಗೆದು ಕಳಿಸಿದ್ದ. ಎರಡು ಪುಟದಲ್ಲಿ ಒಂದೂವರೆ ಪುಟ ಬರೀ ನನ್ನ ಊಟ, ನನ್ನ ಸ್ವೆಟರು, ಇಲ್ಲಿನ ಚಳಿ. ಕಟ್ಟಕಡೆಗೆ ನಾಲ್ಕು ಸಾಲಿನಲ್ಲಿ ಅಪ್ಪನ ಕಾಲು. ಫೋನಿನಲ್ಲಿ ಯಾಕೆ ಹೇಳಲಿಲ್ಲ ಅಂತ ಗೊತ್ತು, ಅವರು ಪಕ್ಕದಲ್ಲೇ ಕೂತಿರುತ್ತಾರೆ. ಅದಕ್ಕೇ ನಾನೂ ಬರೆಯುತ್ತಿದ್ದೇನೆ. ಅಂಚೆಗೆ ಹಾಕಿದರೆ ಶಿವರಾತ್ರಿ ಕಳೆದ ಮೇಲೆ ಬಂದೀತು, ಇದನ್ನೂ ಫೋಟೊ ತೆಗೆದು ರಘುಗೇ ಕಳಿಸುತ್ತೇನೆ.

ನಾನಿರುವ ಊರು ಗಣಿಯೊಳಗೆ ಕುಸಿಯುತ್ತಿದೆಯಾ ಅಂತ ಕೇಳಿದ್ದೀಯಲ್ಲ, ಮೊದಲು ಆ ಪ್ರಶ್ನೆ ಮುಗಿಸುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ನೀನು ಸಮಾಧಾನದಲ್ಲಿ ಓದುವುದಿಲ್ಲ.

ಸುಬ್ಬಣ್ಣ ಮಾವ ಹೇಳಿದ ಆ ಕುಸಿಯುವ ಊರು ಕಿರುನಾ. ನಾನಿರುವುದು ಲುಲಿಯೋ. ಮಧ್ಯೆ ರೈಲಿನಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ. ಕಿರುನಾಕ್ಕೆ ನಾನು ಹೋಗುವುದು ಕೆಲಸವಿದ್ದಾಗ ಮಾತ್ರ. ಅಲ್ಲೂ ಯಾರ ತಲೆಯ ಮೇಲೂ ಏನೂ ಬೀಳುತ್ತಿಲ್ಲ. ಕೆಳಗಿನ ಕಬ್ಬಿಣದ ಅದಿರು ತೆಗೆದ ಹಾಗೆ ಮೇಲಿನ ನೆಲ ಬಿರುಕು ಬಿಡುತ್ತದೆ. ಗಣಿಯ ಮುಖ್ಯ ಹಂತವೇ ಈಗ 1,365 ಮೀಟರ್ ಆಳದಲ್ಲಿದೆ. ಬಿರುಕು ಮುಂದೆ ಎಲ್ಲಿಗೆ ಬರುತ್ತದೆ ಅಂತ ಲೆಕ್ಕ ಹಾಕಿ, ಅದು ಬರುವ ಮೊದಲೇ ಊರನ್ನು ಪಕ್ಕಕ್ಕೆ ಸರಿಸುತ್ತಿದ್ದಾರೆ. 2004ರಲ್ಲಿ ಸುದ್ದಿ ತಿಳಿಸಿದರು, ಇನ್ನೂ ಮುಗಿದಿಲ್ಲ. 1912ರ ಮರದ ಚರ್ಚು ಒಂದಿದೆ, 672 ಟನ್ ತೂಕ. ಕಳೆದ ಆಗಸ್ಟಿನಲ್ಲಿ ಅದನ್ನು ಬಿಚ್ಚದೆ ಹಾಗೇ ಎತ್ತಿ, ಗಾಲಿಗಳ ಮೇಲಿಟ್ಟು, ಎರಡು ದಿನದಲ್ಲಿ 5 ಕಿಲೋಮೀಟರ್ ಸಾಗಿಸಿದರು. ನೋಡಲು ಇಲ್ಲಿನ ರಾಜರೇ ಬಂದಿದ್ದರು. ನಾನೂ ಬಾಯಿ ಬಿಟ್ಟುಕೊಂಡು ವಿಡಿಯೋ ನೋಡಿದೆ. ಆಮೇಲೆ ಅಣೆಕಟ್ಟಿನ ಮುಳುಗಡೆಯ ಕಾಲದಲ್ಲಿ ಅಜ್ಜ ಪಾತ್ರೆ ಪಗಡ ಗಾಡಿಗೆ ಹೇರಿಕೊಂಡು ಬಂದ ಕತೆ ನೆನಪಾಗಿ ಸ್ವಲ್ಪ ಹೊಟ್ಟೆ ಉರಿಯಿತು. ನಮ್ಮ ದೇವಸ್ಥಾನಕ್ಕೆ ಯಾರು ಗಾಲಿ ಕಟ್ಟಿದರು?

ಇನ್ನು ಚಳಿ. ಹೋದ ವಾರ ಸೊನ್ನೆಗಿಂತ 25 ಡಿಗ್ರಿ ಕೆಳಗಿತ್ತು. ಗಾಬರಿಯಾಗಬೇಡ. ಮನೆಯೊಳಗೆ ಹತ್ತಿ ಚೂಡಿದಾರಿನಲ್ಲೇ ಓಡಾಡುತ್ತೇನೆ, ಅಷ್ಟು ಬೆಚ್ಚಗಿರುತ್ತದೆ. ಹೌದು, ಸಮುದ್ರ ಹೆಪ್ಪುಗಟ್ಟಿದೆ. ಹೌದು, ಜನ ಅದರ ಮೇಲೆ ನಡೆಯುತ್ತಾರೆ, ಮಕ್ಕಳ ಗಾಡಿ ತಳ್ಳಿಕೊಂಡು ಹೋಗುತ್ತಾರೆ, ದ್ವೀಪಗಳಿಗೆ ಕಾರೂ ಓಡುತ್ತದೆ. ಇಲ್ಲಿ ನದಿಗಳ ನೀರು ಜಾಸ್ತಿ ಸೇರುವುದರಿಂದ ಸಮುದ್ರದಲ್ಲಿ ಉಪ್ಪು ತೀರಾ ಕಡಿಮೆ, ಬೇಗ ಗಟ್ಟಿಯಾಗುತ್ತದೆ. ಮಂಜುಗಡ್ಡೆಯನ್ನು ಕೊರೆದು, ದಪ್ಪ ಅಳೆದು, ಆಮೇಲೆ ದಾರಿ ಬಿಡುತ್ತಾರೆ. ನಾನು ನಡೆಯುವುದು ಎಲ್ಲರೂ ನಡೆಯುವ ಕಡೆ ಮಾತ್ರ.

ಜನ ಒಳ್ಳೆಯವರು, ಆದರೆ ಕಡಿಮೆ. ಈ ನೊರ್‌ಬೊತ್ತೆನ್ ಅನ್ನುವ ಸೀಮೆ ನಮ್ಮ ಕರ್ನಾಟಕದ ಅರ್ಧದಷ್ಟಿದೆ, ಜನ ಮಾತ್ರ ಸುಮಾರು ಎರಡೂವರೆ ಲಕ್ಷ. ಮಾತು ಅದಕ್ಕಿಂತ ಕಡಿಮೆ. ಹೌದು ಅನ್ನಬೇಕಾದರೆ ಬಾಯಿ ಬಿಡುವುದಿಲ್ಲ, ತುಟಿ ಸೇರಿಸಿ ಉಸಿರನ್ನು ಒಳಗೆ ಎಳೆಯುತ್ತಾರೆ ಅಷ್ಟೆ. ನೀನು ಕೇಳಿದ್ದರೆ ಪಾಪ ಉಬ್ಬಸ ಅಂತಿದ್ದೆ. ಕಾಫಿಗೆ ಚೀಸ್ ತುಂಡು ಹಾಕಿ, ನೆನೆಸಿ, ಚಮಚದಲ್ಲಿ ತಿನ್ನುವವರಿದ್ದಾರೆ. ಅದೂ ಸಕ್ಕರೆ ಇಲ್ಲದೆ. ಅಪ್ಪನಿಗೆ ಇದನ್ನು ಎರಡು ಸಲ ಓದಿ ಹೇಳು.

ಅಮ್ಮಾ, ಹೆಬ್ಬೆರಳಿನ ಹುಣ್ಣು ದೀಪಾವಳಿಯಿಂದ ಇದೆ ಅಂತ ಬರೆದಿದ್ದೀಯ. ದೀಪಾವಳಿ ಆಗಿ ಎಷ್ಟು ತಿಂಗಳಾಯ್ತು? ರಘು ಕಳಿಸಿದ ಫೋಟೊದಲ್ಲಿ ಅಂಚು ಕಪ್ಪಾಗಿದೆ. ಅದು ಅರಿಶಿನ ಅಲ್ಲ. ಅಪ್ಪ "ನೋವೇ ಇಲ್ಲ, ಆಸ್ಪತ್ರೆ ಯಾಕೆ" ಅನ್ನುತ್ತಾರೆ ಅಂತ ನೀನು ಸಮಾಧಾನ ಮಾಡಿಕೊಂಡಿದ್ದೀಯ. ನನಗೆ ಹೆದರಿಕೆ ಆಗಿದ್ದೇ ಆ ಮಾತಿಗೆ.

ಚಳಿಯಲ್ಲಿ ಹೊರಗೆ ಕೆಲಸ ಮಾಡುವವರಿಗೆ ಇಲ್ಲಿ ಮೊದಲು ಕಾಲಿನ ಪಾಠ ಮಾಡುತ್ತಾರೆ. ಬೆರಳು ಉರಿಯುತ್ತಿದ್ದರೆ, ನೋಯುತ್ತಿದ್ದರೆ ಇನ್ನೂ ಪರವಾಗಿಲ್ಲ. ನೋವು ನಿಂತು ಮರಗಟ್ಟಿದರೆ ತಕ್ಷಣ ಒಳಗೆ ಓಡಬೇಕು. ಬಿಸಿ ಬಿಸಿ ನೀರಿನಲ್ಲಿ ಇಡಬಾರದು, ಸುಟ್ಟರೂ ಗೊತ್ತಾಗುವುದಿಲ್ಲ. ಅಪ್ಪನ ಸಕ್ಕರೆ ಕಾಯಿಲೆಯಲ್ಲೂ ಹಾಗೇ. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಪಾದದ ನರ ಸತ್ತು ಹೋಗುತ್ತದೆ, ರಕ್ತವೂ ಸರಿಯಾಗಿ ಇಳಿಯುವುದಿಲ್ಲ. ಮುಳ್ಳು ಹೊಕ್ಕರೂ ತಿಳಿಯದು, ಹೊಕ್ಕಿದ್ದು ಮಾಯದು. ನೀನು ನೋಡಿದರೆ ದಿನಾ ರಾತ್ರಿ ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಡಿಸುತ್ತಿದ್ದೀಯ! ಇವತ್ತೇ ನಿಲ್ಲಿಸು. ನಿನ್ನ ಮೇಲೆ ಸಿಟ್ಟಲ್ಲ.

ತೋಟಕ್ಕೆ ಬರಿಗಾಲಲ್ಲಿ ಹೋಗುವುದೂ ಬಂದ್. ಕಾಲಿಗೆ ಮಣ್ಣು ತಾಗದಿದ್ದರೆ ತೋಟಕ್ಕೆ ಹೋದ ಹಾಗೇ ಆಗುವುದಿಲ್ಲ ಅನ್ನುತ್ತಾರೆ, ಗೊತ್ತು. ಮೊನ್ನೆ ಯೊಕ್‌ಮೊಕ್ ಜಾತ್ರೆಗೆ ಹೋಗಿದ್ದೆ. 1605ರಿಂದ ನಡೆಯುವ ಚಳಿಗಾಲದ ಸಂತೆ, 5 ಸಾವಿರ ಜನವೂ ಇಲ್ಲದ ತಾಲೂಕಿಗೆ ಆ ಮೂರು ದಿನ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅಲ್ಲಿ ಸಾಮಿ ಜನರ ಮ್ಯೂಸಿಯಂ ಇದೆ. ಹಿಮಸಾರಂಗ ಸಾಕುವವರು ಅವರು. ಹಿಂದೆ ಕಾಲುಚೀಲದ ಬದಲು ಒಣಗಿಸಿ ಬಡಿದು ಮೆದು ಮಾಡಿದ ಹುಲ್ಲನ್ನು ಚರ್ಮದ ಬೂಟಿನೊಳಗೆ ತುಂಬಿಕೊಳ್ಳುತ್ತಿದ್ದರು. ರಾತ್ರಿ ಹುಲ್ಲು ತೆಗೆದು ಒಣಗಿಸುವುದು, ಬೆಳಿಗ್ಗೆ ಮತ್ತೆ ತುಂಬುವುದು. ಹುಲ್ಲಿನಲ್ಲೇ ಪಾದವನ್ನು ಅಷ್ಟು ಜೋಪಾನ ಮಾಡಿದ್ದಾರೆ. ಅಪ್ಪನಿಗೆ ನಾನು ಕಳಿಸಿದ ಬೂಟು ಇನ್ನೂ ಅಟ್ಟದ ಮೇಲಿದೆ ಅಲ್ವಾ? ಕೆಲವು ಊರುಗಳಲ್ಲಿ ವಯಸ್ಸಾದವರು ಜಾರಿ ಬೀಳಬಾರದು ಅಂತ ಪುರಸಭೆಯವರೇ ಬೂಟಿಗೆ ಕಟ್ಟುವ ಮುಳ್ಳುಪಟ್ಟಿ ಪುಕ್ಕಟೆ ಕೊಡುತ್ತಾರೆ. ತೊಂಬತ್ತರ ಅಜ್ಜಿಯಂದಿರು ಕಟ್ಟಿಕೊಂಡು ಅಂಗಡಿಗೆ ಹೋಗುತ್ತಾರೆ, ಯಾರಿಗೂ ನಾಚಿಕೆಯಿಲ್ಲ.

ಅಬಿಸ್ಕೊ ಅನ್ನುವ ಊರಿನಲ್ಲಿ ರಾತ್ರಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕಿನ ಬಗ್ಗೆ ಬರೆ ಅಂತ ನೀನು ಹೇಳಿದ್ದೆ. ಮೋಡವೆಲ್ಲ ಪಶ್ಚಿಮದ ಗುಡ್ಡಗಳಲ್ಲೇ ಖಾಲಿಯಾಗಿ ಆ ಊರಿಗೆ ವರ್ಷಕ್ಕೆ ಸುಮಾರು 300 ಮಿಲಿಮೀಟರ್ ಮಳೆ ಅಷ್ಟೆ. ನಮ್ಮಲ್ಲಿ ಆಷಾಢದ ಒಂದು ವಾರಕ್ಕೆ ಬೀಳುವಷ್ಟು. ಆಕಾಶ ತಿಳಿಯಾಗಿರುತ್ತದೆ, ಹಸಿರು ಬೆಳಕು ಚೆನ್ನಾಗಿ ಕಾಣುತ್ತದೆ. ಚೆನ್ನಾಗಿತ್ತು. ಉಳಿದದ್ದು ಬರೆಯಲು ಈಗ ಮನಸ್ಸಿಲ್ಲ, ಫೋಟೊ ರಘು ಹತ್ತಿರ ಇದೆ.

ಅಡಿಕೆ ಕೊಯ್ಲು ಮುಗಿಯಲಿ, ಆಮೇಲೆ ಆಸ್ಪತ್ರೆಗೆ ಹೋದರಾಯ್ತು ಅನ್ನುತ್ತಾರಲ್ಲ ಅಪ್ಪ, ಅದು ಆಗದು. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡ ಬಂದ ದಿನ ರಘು ನಿಲ್ಲುತ್ತಾನೆ, ಸುಲಿಯುವವರನ್ನು ಸುಬ್ಬಣ್ಣ ಮಾವ ನೋಡಿಕೊಳ್ಳುತ್ತಾರೆ. ಅಪ್ಪ ನಾಲ್ಕು ದಿನ ಇಲ್ಲದಿದ್ದರೆ ಕೊನೆ ಮರದಲ್ಲೇ ಕೂತಿರುವುದಿಲ್ಲ. ದುಡ್ಡಿನ ಮಾತು ಎತ್ತಬೇಡಿ. ರಘು ಖಾತೆಗೆ ನಿನ್ನೆಯೇ ಹಾಕಿದ್ದೇನೆ, ಸಾಲದಿದ್ದರೆ ಇನ್ನೂ ಇದೆ. ನನಗೇನೂ ಕಷ್ಟವಿಲ್ಲ, ಸಂಬಳ ಇಲ್ಲಿ ಉಳಿಯುತ್ತದೆ, ಖರ್ಚು ಮಾಡಲು ಅಂಗಡಿಯೇ ಇಲ್ಲ. ಏನೂ ಆಗುವುದಿಲ್ಲ ಅಮ್ಮಾ, ಈಗಲೇ ತೋರಿಸಿದರೆ ವಾಸಿಯಾಗುವ ಸಾಧ್ಯತೆ ಹೆಚ್ಚು. ನೀನು ಅಳಬೇಡ, ಅವರ ಎದುರು ಅಂತೂ ಅಳಲೇಬೇಡ.

ಗುರುವಾರ ಬೆಳಿಗ್ಗೆ ರಘು ಕಾರು ತರುತ್ತಾನೆ, ಶಿವಮೊಗ್ಗದ ಆಸ್ಪತ್ರೆಗೆ ಹೇಳಿಯಾಗಿದೆ. ಹಳೆಯ ಚೀಟಿ, ರಕ್ತ ಪರೀಕ್ಷೆಯ ಕಾಗದ, ಈಗ ನುಂಗುವ ಮಾತ್ರೆ ಎಲ್ಲ ಒಂದೇ ಚೀಲಕ್ಕೆ ಹಾಕಿಡು. ಬರಲ್ಲ ಅಂದರೆ ನನಗೆ ಫೋನ್ ಹಚ್ಚು, ಇಲ್ಲಿ ನಡುರಾತ್ರಿಯಾದರೂ ಸರಿ. ಬಸ್ಸಿಗೆ ಹೊತ್ತಾಯ್ತು. ಅಜ್ಜಿಗೆ ನಮಸ್ಕಾರ ಹೇಳು. ಉಪ್ಪಿನಕಾಯಿ ಇನ್ನೂ ಇದೆ, ಕಳಿಸಬೇಡ.

ಇಂತಿ ನಿನ್ನ
ಸುಮ